ಗಾಂಧಿ ಕ್ಲಾಸಿನಿಂದ: ಅಡ್ವಾನ್ಸ್ ಎಂಬ ಖಳನಾಯಕ



ಈ ಅಂಕಣಕ್ಕೆ ಬರುವ ಪತ್ರಗಳು ಎಂಥವು ಅಂತ ನಿಮಗೆ ಗೊತ್ತೇ ಇದೆ. ಆ ನಟಿಗೆ ಮದುವೆ ಆಯ್ತಾ, ಈ ನಾಯಕನ ಮುಂದಿನ ಚಿತ್ರ ಯಾವಾಗ, ಯಾರ ಕಟೌಟ್ ಎಷ್ಟು ಅಡಿ, ಯಾರಿಗೆ ಎಷ್ಟು ಹಾರ... ನೂರಕ್ಕೆ ತೊಂಬತ್ತು ಇಂಥವೇ. ಈ ವಾರ ಮಧುಗಿರಿಯಿಂದ ಬಂದಿರೋ ಪತ್ರದಲ್ಲಿ ಮಾತ್ರ ಸಿನಿಮಾ ಇಲ್ಲ. ಲೆಕ್ಕ ಇದೆ. ಓದಿ:

"ಸಾರ್, ಐಟಿಐ ಫಿಟ್ಟರ್ ಮುಗಿಸಿದೀನಿ. ಪೀಣ್ಯದಲ್ಲಿ ಕೆಲಸ ಸಿಕ್ಕಿದೆ. ಪಿ.ಎಫ್., ಇ.ಎಸ್.ಐ. ಎಲ್ಲ ಹಿಡಿದು ಕೈಗೆ 18,000. ದಾಸರಹಳ್ಳಿ ಹತ್ರ ಸಿಂಗಲ್ ರೂಮು ನೋಡ್ಕೊಂಡು ಬಂದೆ. ಬಾಡಿಗೆ 8,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದ್ರೆ 80,000. ಅಪ್ಪ ಸಾಲ ತರ್ತೀನಿ ಅಂತಾರೆ. ಹೋಗ್ಲಾ, ಬೇಡ್ವಾ? ನೀವು ಹೇಳಿದ ಹಾಗೆ."

ನೀವು ಹೇಳಿದ ಹಾಗೆ! ಸಿನಿಮಾ ಬಗ್ಗೆ ಬರೆಯೋ ಮನುಷ್ಯನ ಮಾತು ನಂಬಿ ಮಧುಗಿರಿಯ ಒಂದು ಮನೆ ಎಂಬತ್ತು ಸಾವಿರದ ಸಾಲಕ್ಕೆ ಇಳಿಯುತ್ತೆ ಅಂದ್ರೆ ಪೆನ್ನು ಹಿಡಿದ ಕೈ ಸ್ವಲ್ಪ ನಡುಗುತ್ತೆ ಸ್ವಾಮಿ. ಹಾಗಂತ "ಮುಂದಿನ ಪ್ರಶ್ನೆ" ಅಂತ ಜಾರಿಕೊಳ್ಳೋದೂ ನ್ಯಾಯ ಅಲ್ಲ. ಈ ಪತ್ರಿಕೆ ಕೊಳ್ಳೋರಲ್ಲಿ ಅರ್ಧ ಜನ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯ್ತಾ ಕೊಂಡೋರು. ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ... ಬಸ್ಸು ಎಲ್ಲಿಂದ ಹೊರಟರೂ ಕೊನೆಗೆ ನಿಲ್ಲೋದು ಮೆಜೆಸ್ಟಿಕ್ಕಿನಲ್ಲಿ. ಆದ್ದರಿಂದ ಈ ವಾರ ಗಾಸಿಪ್ಪಿಗೆ ರಜೆ.

ಮೊದಲು ಒಂದು ಮಾತು. ಮನೆ ಬಾಡಿಗೆ ವಿಷಯದಲ್ಲಿ ನಮ್ಮ ಹುಡುಗರಿಗೆ ಅತಿ ಹೆಚ್ಚು ಸುಳ್ಳು ಹೇಳಿದ್ದು ಯಾರು ಗೊತ್ತೇ? ನಮ್ಮ ಸಿನಿಮಾನೇ! ನಾಯಕನಿಗೆ ಕೆಲಸ ಇಲ್ಲ, ಕಾಸಿಲ್ಲ, ಕಾಲಲ್ಲಿ ಹಳೇ ಚಪ್ಪಲಿ. ಆದರೆ ಅವನ ರೂಮು ನೋಡಿ! ಟೆರೇಸ್ ಮೇಲೆ ಒಂಟಿ ಮನೆ, ಸುತ್ತ ಹೂಕುಂಡ, ಎದುರು ಮಹಡಿಯಲ್ಲಿ ನಾಯಕಿ ಬಟ್ಟೆ ಒಣಹಾಕುತ್ತಾ ಇರುತ್ತಾಳೆ. ಓನರ್ ಒಂದು ಸಲ ಬಂದು ಮೂರು ತಿಂಗಳ ಬಾಕಿ ಕೇಳ್ತಾನೆ, ಇವನು ಒಂದು ಜೋಕ್ ಹೊಡೀತಾನೆ, ಮುಗೀತು. ಮುಂದಿನ ರೀಲಿನಲ್ಲಿ ಫಾರಿನ್ನಿನಲ್ಲಿ ಹಾಡು. ಆ ರೂಮಿಗೆ ಅಡ್ವಾನ್ಸ್ ಎಷ್ಟು ಕೊಟ್ಟ ಅಂತ ಒಬ್ಬ ನಿರ್ದೇಶಕನಾದರೂ ತೋರಿಸಿದ್ದಾನಾ?

ಹಿಂದಿಯಲ್ಲಿ 1977ರಲ್ಲಿ 'ಘರೋಂದಾ' ಅಂತ ಒಂದು ಚಿತ್ರ ಬಂತು. ಅಮೋಲ್ ಪಾಲೇಕರ್, ಜರೀನಾ ವಹಾಬ್. ಬೊಂಬಾಯಿಯಲ್ಲಿ ಒಂದು ಫ್ಲಾಟಿಗೆ ದುಡ್ಡು ಕೂಡಿಸೋ ಜೋಡಿ. ದುಡ್ಡು ಬಿಲ್ಡರ್ ಪಾಲಾಗುತ್ತೆ, ಪ್ರೀತಿ ದಿಕ್ಕಾಪಾಲಾಗುತ್ತೆ. ಹೊಡೆದಾಟ ಇಲ್ಲ, ಗನ್ ಇಲ್ಲ, ಆದರೂ ನೋಡಿದವರಿಗೆ ಎದೆ ಭಾರ. ಅಲ್ಲಿ ಮನೆಯೇ ಖಳನಾಯಕ. ಕನ್ನಡದಲ್ಲಿ ಪವನ್ ಕುಮಾರರ 'ಲೂಸಿಯಾ' (2013) ಇದೆ. ಥಿಯೇಟರಿನಲ್ಲಿ ಟಾರ್ಚ್ ಬಿಡೋ ಹುಡುಗನಿಗೆ ನಿದ್ದೆ ಬರಲ್ಲ. ಶೀಟ್ ರೂಮಿನಲ್ಲಿ ಏಪ್ರಿಲ್ ತಿಂಗಳು ಕಳೆದವರಿಗೆ ಅದಕ್ಕೆ ಮಾತ್ರೆಯ ಕಥೆಯೇ ಬೇಕಿಲ್ಲ ಬಿಡಿ.

ಈಗ ಮಧುಗಿರಿ ಗೆಳೆಯನ ಲೆಕ್ಕಕ್ಕೆ ಬರೋಣ. ಬೋರ್ಡಿನ ಮೇಲೆ 8,000 ಅಂತ ಇದೆ. ಹದಿನೆಂಟರಲ್ಲಿ ಎಂಟು ಹೋದರೆ ಹತ್ತು ಉಳೀತು ಅಂತ ನೀವು ಲೆಕ್ಕ ಹಾಕಿದ್ದೀರಿ, ಅಲ್ವಾ? ಅಲ್ಲೇ ನಿಮ್ಮನ್ನು ಹಿಡಿದದ್ದು!

80,000 ಅಡ್ವಾನ್ಸ್ ಅಪ್ಪ ಎಲ್ಲಿಂದ ತರ್ತಾರೆ? ಬ್ಯಾಂಕು ರೂಮಿನ ಅಡ್ವಾನ್ಸಿಗೆ ಅಂತ ಸಾಲ ಕೊಡೋದಿಲ್ಲ. ಅಮ್ಮನ ಸರ ಅಡವಿಟ್ಟರೆ ಬಡ್ಡಿ ಸ್ವಲ್ಪ ಕಮ್ಮಿ. ಊರಲ್ಲಿ ಕೈಸಾಲ ಅಂದ್ರೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅದೂ ಪರಿಚಯಸ್ಥರಾದರೆ. ಎಂಬತ್ತು ಸಾವಿರಕ್ಕೆ ತಿಂಗಳಿಗೆ 1,600. ಈ ಬಡ್ಡಿ ಊರಲ್ಲಿ ಅಪ್ಪ ಕಟ್ತಾರೆ, ಆದ್ದರಿಂದ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೋದೇ ಇಲ್ಲ. ಆದರೆ ಅದು ಬಾಡಿಗೆಯೇ. ಆಮೇಲೆ ರೂಮು ತೋರಿಸಿದ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಹನ್ನೊಂದು ತಿಂಗಳು ಕಳೆದು ಖಾಲಿ ಮಾಡುವಾಗ "ಪೇಂಟಿಂಗ್" ಅಂತ ಇನ್ನೊಂದು ತಿಂಗಳದ್ದು ಮುರ್ಕೊಳ್ತಾರೆ. ಎರಡೂ ಸೇರಿ 16,000; ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,450. ಈಗ ಕೂಡಿಸಿ: 8,000, ಅದಕ್ಕೆ 1,600, ಅದಕ್ಕೆ 1,450. ಹನ್ನೊಂದು ಸಾವಿರ ದಾಟಿತು! ನೀರು, ಕರೆಂಟು, ಗ್ಯಾಸು, ಊಟ ಇನ್ನೂ ಸ್ಟೇಜಿಗೇ ಬಂದಿಲ್ಲ. ಕೈಯಲ್ಲಿ ಉಳಿದದ್ದು ಏಳು ಸಾವಿರಕ್ಕೂ ಸ್ವಲ್ಪ ಕಮ್ಮಿ. ಅದರಲ್ಲೇ ಎರಡು ಹೊತ್ತು ಹೋಟೆಲು, ಬಸ್ಸು, ಊರಿಗೆ ಕಳಿಸೋದು, ಮೊಬೈಲಿನ ರೀಚಾರ್ಜು. ಫಸ್ಟ್ ಡೇ ಫಸ್ಟ್ ಶೋ ಕನಸಿನ ಮಾತು.

ಬಾಡಿಗೆ ಜಾಸ್ತಿ ಅಂತ ಎಲ್ಲರೂ ಅಳ್ತಾರೆ. ಕೊರೋನಾ ಮುಗಿದು ಆಫೀಸುಗಳು ಮತ್ತೆ ಬಾಗಿಲು ತೆರೆದ ಮೇಲೆ 2022, 2023ರಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಏರಿದ ರಭಸ ಪತ್ರಿಕೆಗಳ ಮುಖಪುಟಕ್ಕೇ ಬಂದಿತ್ತು. ಆದರೆ ದೊಡ್ಡ ಕಂಪ್ಯೂಟರ್ ಸಂಬಳದವರ ಅಳುವಿಗೂ ನಮ್ಮ ಹುಡುಗರ ಅಳುವಿಗೂ ವ್ಯತ್ಯಾಸ ಇದೆ. ಅವರನ್ನು ಬಾಡಿಗೆ ಹಿಂಡುತ್ತೆ. ನಮ್ಮವರನ್ನು ಬಾಗಿಲಲ್ಲೇ ಅಡ್ವಾನ್ಸ್ ತಡೆಯುತ್ತೆ. ತಿಂಗಳಿಗೆ ಎಂಟು ಸಾವಿರ ದುಡಿದು ಕೊಡೋ ತಾಕತ್ತು ಇರೋ ಹುಡುಗನಿಗೆ, ದುಡಿಯೋಕೆ ಶುರು ಮಾಡೋ ಮುಂಚೆಯೇ ಎಂಬತ್ತು ಸಾವಿರ ಇಡು ಅಂದ್ರೆ? ಟಿಕೆಟ್ ದುಡ್ಡು ಇದೆ ಸ್ವಾಮಿ, ಆದರೆ ಗೇಟಿನ ಒಳಗೆ ಬರೋಕೇ ಹತ್ತು ಟಿಕೆಟ್ಟಿನ ದುಡ್ಡು ಠೇವಣಿ ಇಡಬೇಕು ಅಂದ ಹಾಗಾಯಿತು. ಮುಂಬಯಿ, ದೆಹಲಿ, ಹೈದರಾಬಾದಿನಲ್ಲಿ ಎರಡು ಮೂರು ತಿಂಗಳದ್ದು ಕೇಳ್ತಾರೆ. ಹತ್ತು ತಿಂಗಳು ಅನ್ನೋದು ನಮ್ಮ ರಾಜಧಾನಿಯ ಸಂಪ್ರದಾಯ. ಈಗೀಗ ಕೆಲವರು ಐದು ಆರಕ್ಕೆ ಇಳಿದಿದ್ದಾರೆ, ನಿಜ. ಹತ್ತು ಕೇಳೋರೂ ಕಮ್ಮಿ ಇಲ್ಲ.

ಹಿಂದೆ ಹೀಗಿತ್ತಾ? 'ಗಣೇಶನ ಮದುವೆ' (1990) ಜ್ಞಾಪಿಸಿಕೊಳ್ಳಿ. ಫಣಿ ರಾಮಚಂದ್ರರ ನಿರ್ದೇಶನ, ಅನಂತನಾಗ್, ವಿನಯಾ ಪ್ರಸಾದ್, ಓನರ್ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ವಠಾರದಲ್ಲಿ ಓನರಿಗೂ ಬಾಡಿಗೆದಾರನಿಗೂ ದಿನಾ ಯುದ್ಧ. ಇಂದಿನ ಹುಡುಗರು ಟೀವಿಯಲ್ಲಿ ಅದನ್ನು ನೋಡಿ ನಗ್ತಾರೆ, ಆದರೆ ಒಂದು ಪ್ರಶ್ನೆ ಕೇಳಬೇಕು: ಅಷ್ಟು ಜಗಳ ಆಡಿದರೂ ಓನರ್ ಅವನನ್ನು ಯಾಕೆ ಆಚೆ ಹಾಕಲ್ಲ? ಸಿನಿಮಾ ನಿಂತುಹೋಗುತ್ತೆ ಅಂತಲಾ? ಅದೊಂದೇ ಅಲ್ಲ! ಆಗ 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಬಾಡಿಗೆದಾರನನ್ನು ಎಬ್ಬಿಸಬೇಕು ಅಂದ್ರೆ ಕೋರ್ಟಿಗೆ ಹೋಗಿ ಕಾರಣ ತೋರಿಸಬೇಕು, ವರ್ಷಗಟ್ಟಲೆ ಅಲೆಯಬೇಕು. ಅದಕ್ಕೇ ವಠಾರದ ಓನರುಗಳು ನೀರು ನಿಲ್ಲಿಸೋದು, ಫ್ಯೂಸ್ ಕೀಳೋದು, ಗೊಣಗೋದು. ಆ ಹಾಸ್ಯದ ಬೇರು ಕಾನೂನಿನಲ್ಲಿತ್ತು.

ಓನರ್ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಆ ಕಾಯ್ದೆಯ ಬಲದಿಂದ ಎಷ್ಟೋ ಕಡೆ ತಾತ ಕೊಟ್ಟ ಬಾಡಿಗೆಯನ್ನೇ ಮೊಮ್ಮಗ ಕೊಡ್ತಾ ಕೂತ. ಸುಣ್ಣ ಹೊಡೆಸೋಕೂ ಬಾಡಿಗೆ ಸಾಲದೆ ಎಷ್ಟೋ ಮನೆ ಬಿದ್ದುಹೋದವು, ಇನ್ನೆಷ್ಟೋ ಬೀಗ ಹಾಕಿಕೊಂಡವು. ನಿವೃತ್ತ ಗುಮಾಸ್ತ ಪಿಂಚಣಿ ಹಣದಲ್ಲಿ ಮೇಲೊಂದು ಮನೆ ಕಟ್ಟಿಸಿ, ಅದರ ಬಾಡಿಗೆಯಲ್ಲೇ ಔಷಧಿ ತಗೊಳ್ಳೋದೂ ಉಂಟು. ಎಲ್ಲ ಓನರೂ ವಜ್ರಮುನಿ ಅಲ್ಲ.

ಆದ್ದರಿಂದ ಹೊಸ ಕಾಯ್ದೆ ಬಂತು, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಇದರಲ್ಲಿ ಒಂದು ಸಣ್ಣ ಕಲಮು ಇದೆ, ಅದೇ ಕಥೆಯ ಟರ್ನಿಂಗ್ ಪಾಯಿಂಟು. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಿಂತ ಮೇಲಿದ್ದರೆ, ಉಳಿದ ಕಡೆ 2,000ಕ್ಕಿಂತ ಮೇಲಿದ್ದರೆ, ಆ ಮನೆಗೆ ಈ ಕಾಯ್ದೆಯೇ ಅನ್ವಯ ಇಲ್ಲ! ಜಾರಿಯಾದಾಗ 3,500 ಅಂದ್ರೆ ಒಂದು ಸಂಸಾರ ಇರೋ ಮನೆ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಬೈಕ್ ನಿಲ್ಲಿಸೋ ಜಾಗ, ಜೊತೆಗೆ ಒಂದು ನಲ್ಲಿ ಸಿಗಬಹುದು. ಕಾಯ್ದೆ ಇದೆ, ಪುಸ್ತಕದಲ್ಲಿ. ಮಧುಗಿರಿ ಗೆಳೆಯನ ಎಂಟು ಸಾವಿರದ ಶೀಟ್ ರೂಮು ಕಾನೂನಿನ ಕಣ್ಣಿಗೆ ಶ್ರೀಮಂತರ ಬಂಗಲೆ!

ಇಲ್ಲಿ ಸಿನಿಮಾ ಮಾತು ಒಂದು ನಿಮಿಷ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಅಂತ ಆದೇಶ ಹೊರಡಿಸಿತು. ನಾವೆಲ್ಲ ಪಟಾಕಿ ಹೊಡೆದದ್ದೂ ಆಯಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟದ್ದೂ ಆಯಿತು. ಆ ಗಲಾಟೆ ಎಷ್ಟು! ಮಲ್ಟಿಪ್ಲೆಕ್ಸಿನ ವಾದ ಏನು, ನಿರ್ಮಾಪಕರ ವಾದ ಏನು, ಅಭಿಮಾನಿಗಳ ವಾದ ಏನು... ಮೂರು ಗಂಟೆ ಕೂರೋ ಕುರ್ಚಿಗೆ ಮಿತಿ ಬೇಕು ಅಂತ ಇಷ್ಟು ಕೂಗಿದ ನಾವು, ವರ್ಷಪೂರ್ತಿ ಮಲಗೋ ಚಾಪೆಗೆ ಮಿತಿ ಯಾಕಿಲ್ಲ ಅಂತ ಒಂದು ಕಾರ್ಡೂ ಬರೆದಿಲ್ಲ. ಕಪಾಲಿ ಥಿಯೇಟರನ್ನು ನೆಲಸಮ ಮಾಡಿದಾಗ ಅತ್ತೆವು, 2024ರಲ್ಲಿ ಕಾವೇರಿ ಉರುಳಿದಾಗ ಸೆಲ್ಫಿ ತೆಗೆದು ಅತ್ತೆವು. ಆ ಥಿಯೇಟರನ್ನು ನುಂಗಿದ ನೆಲದ ಬೆಲೆಯೇ ಪಕ್ಕದ ಬೀದಿಯ ವಠಾರವನ್ನೂ ನುಂಗಿತು. ವಠಾರ ಇದ್ದ ಜಾಗದಲ್ಲಿ ಈಗ ಐದು ಮಹಡಿಯ ಪಿ.ಜಿ. ಒಂದು ರೂಮಿಗೆ ನಾಲ್ಕು ಮಂಚ.

ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿದೆ. 2021ರ ಜೂನ್ 2ರಂದು ಸಚಿವ ಸಂಪುಟ ಒಪ್ಪಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಅಂತ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ. ಆಯಾ ರಾಜ್ಯ ತನ್ನ ಶಾಸನಸಭೆಯಲ್ಲಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಂಬತ್ತು ಸಾವಿರ ಎಲ್ಲಿ, ಹದಿನಾರು ಸಾವಿರ ಎಲ್ಲಿ! ಹದಿನಾರು ಸಾವಿರ ಅಂದ್ರೆ ಕಡ್ಲೆಕಾಯಿ ಮಾರಿದ ದುಡ್ಡಿನಲ್ಲೋ, ಎರಡು ಕುರಿ ಕೊಟ್ಟೋ ಹೊಂದಿಸಬಹುದು. ಚುನಾವಣೆ ಬಂದಾಗ ನಮ್ಮೂರ ಹುಡುಗರು ಬಾವುಟ ಹಿಡೀತೀರಿ, ಬೈಕ್ ರ‍್ಯಾಲಿ ಮಾಡ್ತೀರಿ. ಪೆಟ್ರೋಲ್ ಹಾಕಿಸೋ ಆ ಧಣಿಗಳನ್ನು ಈ ಎರಡು ತಿಂಗಳ ಮಾತು ಒಮ್ಮೆ ಕೇಳಿ ನೋಡಿ. ಮುಖ ಹೇಗಾಗುತ್ತೆ ಅಂತ ಬರೆದು ಕಳಿಸಿ, ಅಚ್ಚು ಹಾಕ್ತೇನೆ.

ಈಗ ಪಾವಗಡ. ನಮ್ಮ ಸೀಮೆಯ ಕಥೆಯಲ್ಲಿ ನನಗೆ ತುಂಬಾ ಕಾಡಿದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೇಳ್ತೇನೆ.

ಪಾವಗಡದವರಿಗೆ ತಿರುಮಣಿ ಗೊತ್ತು. ಮಳೆ ಇಲ್ಲದ, ಬೋರು ಬತ್ತಿದ ನೆಲ. ಅಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು... ಕಣ್ಣು ಹಾಯಿಸಿದಷ್ಟು ದೂರ ನೀಲಿ ಗಾಜು. ಡ್ರೋನ್ ಬಿಟ್ಟು ತೆಗೆದರೆ ಯಾವ ಹಾಲಿವುಡ್ ಚಿತ್ರಕ್ಕೂ ಕಮ್ಮಿ ಇಲ್ಲ. ಇದರ ವಿಶೇಷ ಏನಂದ್ರೆ ಜಮೀನನ್ನು ಕಿತ್ತುಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಅಂದ್ರೆ ಏನಾಯಿತು? ನಮ್ಮ ಪಾವಗಡದ ರೈತ ಓನರ್ ಆದ! ಬಾಡಿಗೆ ಕೊಡೋನು ದೊಡ್ಡ ಕಂಪನಿ, ತಗೊಳ್ಳೋನು ನಮ್ಮಪ್ಪ. ಮೊದಮೊದಲು ಕೇಳಿದಾಗ ನನಗೂ ಹೆಮ್ಮೆ ಆಯಿತು. ಬರಡು ನೆಲಕ್ಕೆ ಕೂತಲ್ಲೇ ಇಪ್ಪತ್ತೊಂದು ಸಾವಿರ ಬರೋದು ಸಣ್ಣ ಮಾತಲ್ಲ, ಎಷ್ಟೋ ಮನೆ ಅದರಿಂದ ಉಸಿರಾಡಿವೆ.

ಈಗ ಅಪ್ಪನನ್ನೂ ಮಗನನ್ನೂ ಒಂದೇ ಫ್ರೇಮಿನಲ್ಲಿ ನಿಲ್ಲಿಸಿ ನೋಡಿ. ಅಪ್ಪ ನಾಲ್ಕೂವರೆ ಎಕರೆ ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಶುರುವಿನ ದರದಲ್ಲಿ ವರ್ಷಕ್ಕೆ 94,500. ಮಗ ದಾಸರಹಳ್ಳಿಯಲ್ಲಿ ಹತ್ತಡಿಗೆ ಹತ್ತಡಿ ರೂಮಿಗೆ ವರ್ಷಕ್ಕೆ ಕೊಡೋದು 96,000. ನಾಲ್ಕೂವರೆ ಎಕರೆಯ ಬಾಡಿಗೆ ನೂರು ಚದರಡಿಯ ಬಾಡಿಗೆಗೆ ಸಾಲಲಿಲ್ಲ! ಚದರಡಿ ಲೆಕ್ಕ ಬೇಕಾ? ಎಕರೆ ಅಂದ್ರೆ 43,560 ಚದರಡಿ. ಅಪ್ಪನಿಗೆ ಚದರಡಿಗೆ ವರ್ಷಕ್ಕೆ ಐವತ್ತು ಪೈಸೆಯೂ ಬೀಳಲ್ಲ. ಮಗ ಚದರಡಿಗೆ ಒಂಬೈನೂರ ಅರವತ್ತು ಕೊಡ್ತಾನೆ. ಊರ ಹೊಲಕ್ಕೂ ರಾಜಧಾನಿಯ ರೂಮಿಗೂ ಬೆಲೆ ಒಂದೇ ಇರಬೇಕು ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ. ನನ್ನ ತಕರಾರು ಏರಿಕೆಯ ಬಗ್ಗೆ. ಅಪ್ಪ ಓನರಾದಾಗ ಎರಡು ವರ್ಷಕ್ಕೆ ನೂರಕ್ಕೆ ಐದು. ಮಗ ಬಾಡಿಗೆದಾರನಾದಾಗ ಹನ್ನೊಂದು ತಿಂಗಳಿಗೆ ನೂರಕ್ಕೆ ಐದು, ಬಹಳ ಕಡೆ ಹತ್ತು. ಕಮ್ಮಿಯದನ್ನೇ ಹಿಡಿಯಿರಿ. ನಾಲ್ಕು ಏರಿಕೆ ಆದ ಮೇಲೆ ಅಪ್ಪನ 21,000 ಆಗೋದು 25,526. ಅಷ್ಟರೊಳಗೆ ಮಗ ಎಂಟು ಅಗ್ರಿಮೆಂಟಿಗೆ ಸಹಿ ಹಾಕಿ ಅವನ 8,000ದ ರೂಮು 11,820. ಒಂದೇ ರಾಜ್ಯ, ಒಂದೇ ರೂಪಾಯಿ. ಅಪ್ಪನ ಬಾಡಿಗೆ ಎತ್ತಿನಗಾಡಿಯಲ್ಲಿ ಹೋಗುತ್ತೆ, ಮಗನದ್ದು ಬೈಕಿನಲ್ಲಿ.

ಇನ್ನೂ ಒಂದಿದೆ. ಗುತ್ತಿಗೆ ದುಡ್ಡು ಬಂದದ್ದು ಜಮೀನು ಇದ್ದವರಿಗೆ. ಆ ಜಮೀನಿನಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಬದುಕ್ತಿದ್ದ ಕೂಲಿಯವರಿಗೆ ಓನರ್‌ಗಿರಿಯೂ ಇಲ್ಲ, ಕೂಲಿಯೂ ಇಲ್ಲ. ಪ್ಯಾನೆಲ್ ತೊಳೆಯೋಕೆ, ಕಾವಲು ಕಾಯೋಕೆ ಕೆಲವರಿಗೆ ಕೆಲಸ ಸಿಕ್ಕಿತು. ಉಳಿದ ಮನೆಯ ಹುಡುಗರು ಏನು ಮಾಡಿದರು? ಬಸ್ ಹತ್ತಿದರು. ಅವರೂ ಇದೇ ಅಡ್ವಾನ್ಸಿನ ಬಾಗಿಲ ಮುಂದೆ ನಿಂತಿದ್ದಾರೆ, ಬೆನ್ನ ಹಿಂದೆ ನಾಲ್ಕೂವರೆ ಎಕರೆಯೂ ಇಲ್ಲದೆ.

ಆ ಬಾಗಿಲಲ್ಲಿ ಕೇಳೋ ಪ್ರಶ್ನೆಗಳನ್ನು ಇಲ್ಲಿ ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತೆ. "ಬ್ಯಾಚುಲರಾ? ಫ್ಯಾಮಿಲಿಗೆ ಮಾತ್ರ." ಸರಿ, ಅದು ಎಲ್ಲರಿಗೂ. "ಮನೇಲಿ ನಾನ್ ವೆಜ್ ಮಾಡ್ತೀರಾ?" ಅದು ಎರಡನೇದು. ಮೂರನೇದು ತುಂಬಾ ನಯವಾಗಿ ಬರುತ್ತೆ, ಕಾಫಿ ಲೋಟ ಕೈಗೆ ಕೊಟ್ಟ ಹಾಗೆ: "ನೀವು ಯಾವ ಪೈಕಿ?" ಉತ್ತರ ಕೇಳಿದ ಮೇಲೆ ರೂಮು ಇದ್ದಕ್ಕಿದ್ದ ಹಾಗೆ "ನೆನ್ನೆನೇ ಯಾರಿಗೋ ಮಾತು ಕೊಟ್ಟುಬಿಟ್ವಿ" ಆಗಿಬಿಡುತ್ತೆ. ಕೊರಟಗೆರೆ, ಪಾವಗಡ ಎರಡೂ ಮೀಸಲು ಕ್ಷೇತ್ರ. ಅಲ್ಲಿಂದ ಬಂದ ಎಷ್ಟು ಹುಡುಗರು ಈ ಡೈಲಾಗ್ ಕೇಳಿ ಮೆಟ್ಟಿಲಿಳಿದಿದ್ದಾರೋ! ಆ ಹುಡುಗರು ಕೊನೆಗೆ ಹೋಗಿ ಸೇರೋದು ಅದೇ ಬಾಡಿಗೆಗೆ ಎರಡರಷ್ಟು ಕೆಟ್ಟ ರೂಮು. ದುಡ್ಡಿನ ಅಡ್ವಾನ್ಸಾದರೂ ಒಂದು ದಿನ ವಾಪಸ್ ಬರುತ್ತೆ. ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಬರೋದಿಲ್ಲ.

ಕೊರಟಗೆರೆಯ ಇನ್ನೊಬ್ಬ ಓದುಗನದ್ದು ಬೇರೆ ಆಸೆ. ಸಹಾಯಕ ನಿರ್ದೇಶಕ ಆಗಬೇಕಂತೆ. ಗಾಂಧಿನಗರದಲ್ಲಿ ಎಲ್ಲಿ ಉಳಿಯೋದು ಅಂತ ಕೇಳಿದ್ದಾನೆ. ಯಶ್ 300 ರೂಪಾಯಿ ಹಿಡಿದು ಬೆಂಗಳೂರಿಗೆ ಬಂದ ಕಥೆಯನ್ನು ಅವರೇ ಹೇಳಿದ್ದಾರೆ, ನಿಮಗೆಲ್ಲ ಬಾಯಿಪಾಠ. ಆದರೆ ಕಥೆಯ ಮುಂದಿನ ಭಾಗವನ್ನೂ ಕೇಳಿಸಿಕೊಳ್ಳಿ: ಬೆನಕ ನಾಟಕ ತಂಡ ಸೇರಿ ರಂಗದ ಹಿಂದಿನ ಕೆಲಸ ಮಾಡಿಕೊಂಡು ಮೇಲೆ ಬಂದವರು ಅವರು. ಅಂದ್ರೆ ಕಾಲೂರೋಕೆ ಒಂದು ತಂಡ ಸಿಕ್ಕಿತ್ತು. ನಮ್ಮ ಸೀಮೆಯವರು ಚಿತ್ರರಂಗಕ್ಕೆ ಹೊಸಬರೇನಲ್ಲ: ಶಿರಾ ತಾಲೂಕಿನಿಂದ ಬರಗೂರು ರಾಮಚಂದ್ರಪ್ಪ ಇದ್ದಾರೆ, ಮಧುಗಿರಿ ತಾಲೂಕಿನಿಂದ ಗೀತರಚನೆಗೆ ದೊಡ್ಡರಂಗೇಗೌಡರು ಬಂದರು. ಇಂದು ಸಹಾಯಕ ನಿರ್ದೇಶಕನಿಗೆ ಸಂಬಳ ಇವತ್ತು ಬಂತು, ನಾಳೆ ಇಲ್ಲ. ಬಾಡಿಗೆ ಮಾತ್ರ ಐದನೇ ತಾರೀಖು ತಪ್ಪದೆ ಬರುತ್ತೆ. ಬೆಂಗಳೂರಿನಲ್ಲಿ ಅಪ್ಪನ ಸ್ವಂತ ಮನೆ ಇದ್ದವನು ಐದು ವರ್ಷ ಕಾಯಬಲ್ಲ. ಕೊರಟಗೆರೆಯವನು ಐದು ತಿಂಗಳೂ ಕಾಯಲಾರ. ತೆರೆಯ ಮೇಲೆ ನಮ್ಮೂರ ಭಾಷೆ, ನಮ್ಮೂರ ಕಥೆ ಯಾಕೆ ಕಮ್ಮಿ ಅಂತ ಕೇಳ್ತೀರಲ್ಲ, ಅದಕ್ಕೆ ಪ್ರತಿಭೆಯ ಲೆಕ್ಕದ ಜೊತೆ ಈ ಬಾಡಿಗೆ ಲೆಕ್ಕವನ್ನೂ ಇಡಿ.

ಸರಿ ಮಾರಾಯ್ರೇ, ಹೋಗ್ಲಾ ಬೇಡ್ವಾ ಅನ್ನೋದಕ್ಕೆ ಉತ್ತರ ಏನು ಅಂತೀರಾ? ಮಧುಗಿರಿ ಗೆಳೆಯಾ, ಕೆಲಸಕ್ಕೆ ಹೋಗು. ಪಿ.ಎಫ್. ಇರೋ ಕೆಲಸ ಬಿಡಬೇಡ. ಆದರೆ ಆ ರೂಮಿಗೆ ಈಗಲೇ ಹೋಗಬೇಡ. ಅಪ್ಪನಿಗೆ ಸಾಲ ಬೇಡ ಅನ್ನು.

ಮೊದಲ ಆರು ತಿಂಗಳು ಊರವರ ಜೊತೆ ಇರು. ತುಮಕೂರು ರಸ್ತೆಯ ಉದ್ದಕ್ಕೂ, ಎಂಟನೇ ಮೈಲಿಯಿಂದ ಹಿಡಿದು ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಲಗ್ಗೆರೆ, ಹೆಗ್ಗನಹಳ್ಳಿ ತನಕ, ನಮ್ಮ ನಾಲ್ಕು ತಾಲೂಕಿನ ಜನ ಇಲ್ಲದ ಬೀದಿ ಇಲ್ಲ. ಊರಿನ ಬಸ್ಸು ಮೊದಲು ಮುಟ್ಟೋ ಬೆಂಗಳೂರು ಅದೇ ತಾನೆ. ಮೂರು ಜನ ಸೇರಿ ಒಂದು ಮನೆ ಮಾಡಿದರೆ ಅಡ್ವಾನ್ಸೂ ಮೂರು ಭಾಗ, ಅಡುಗೆಯೂ ಮೂರು ಕೈ. ಆದರೆ ಅಗ್ರಿಮೆಂಟಿನಲ್ಲಿ ಮೂವರ ಹೆಸರೂ ಇರಲಿ, ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಇಟ್ಟುಕೊಳ್ಳಿ. ಸ್ನೇಹ ಒಡೆಯೋದು ಹುಡುಗಿಯಿಂದ ಅಂತ ಸಿನಿಮಾದಲ್ಲಿ ತೋರಿಸ್ತಾರೆ. ಬೆಂಗಳೂರಿನಲ್ಲಿ ಅಡ್ವಾನ್ಸ್ ವಾಪಸ್ ಬಂದ ದಿನ ಒಡೆಯುತ್ತೆ. ಅದು ಆಗಲ್ಲ ಅಂದ್ರೆ ಪಿ.ಜಿ.; ಅಲ್ಲಿ ಠೇವಣಿ ಒಂದೆರಡು ತಿಂಗಳದ್ದು ಸಾಕು, ಊಟ ಸೇರಿರುತ್ತೆ, ರುಚಿ ಮಾತ್ರ ಕೇಳಬೇಡ. ಬೊಂಬಾಯಿಗೆ ಹೋದ ಕನ್ನಡದ ಹೋಟೆಲ್ ಹುಡುಗರು ರಾತ್ರಿ ಹೋಟೆಲಿನ ಬೆಂಚಿನ ಮೇಲೇ ಮಲಗಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮನುಷ್ಯರಾದರು. ಮಲಗೋಕೆ ಜಾಗ ಕೊಡೋ ಕೆಲಸ ಸಂಬಳದಲ್ಲಿ ಎರಡು ಸಾವಿರ ಕಮ್ಮಿ ಇದ್ದರೂ ಲಾಭವೇ, ಇದು ನನ್ನ ಅಭಿಪ್ರಾಯ.

ತುಮಕೂರಿನಲ್ಲಿ ಇದ್ದುಕೊಂಡು ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಬಂದು ಹೋಗೋ ಸಾವಿರಾರು ಜನ ಇದ್ದಾರೆ. ಸೀಸನ್ ಟಿಕೆಟ್ ಅಗ್ಗ, ತುಮಕೂರಿನ ಬಾಡಿಗೆಯೂ ಅಗ್ಗ. ನಿದ್ದೆ ಮಾತ್ರ ದುಬಾರಿ. ಶಿಫ್ಟ್ ಕೆಲಸದವರಿಗೆ ಒಗ್ಗಲ್ಲ. ಮೆಟ್ರೋ 2024ರ ನವೆಂಬರಿನಲ್ಲಿ ಮಾದಾವರದ ತನಕ ಬಂತು ಅಂತ ಕುಣಿದವರು 2025ರ ಫೆಬ್ರವರಿಯಲ್ಲಿ ದರ ಏರಿದಾಗ ಕೂತರು. ಇನ್ನು ಬೆಂಗಳೂರೇ ಬೇಡ ಅನ್ನೋರು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಸಂಬಳ ಅಲ್ಲಿ ಕಮ್ಮಿ ಅಂತ ಮೂಗು ಮುರೀತೀರಿ, ಸರಿ. ಆದರೆ ಈ ಲೇಖನದ ಮೊದಲ ಲೆಕ್ಕ ಹಾಕಿ, ಹನ್ನೊಂದು ಸಾವಿರ ಕಳೆದು, ಆಮೇಲೆ ಮೂಗು ಮುರಿಯಿರಿ. ಕೊರಟಗೆರೆ, ಶಿರಾ ಕಡೆಯವರಿಗೆ ಮನೆಯಿಂದ ಓಡಾಡೋ ದೂರ ಅದು.

ರೂಮು ಮಾಡಿದವರಿಗೆ ಎರಡು ಮೂರು ವಿಷಯ. ಅಗ್ರಿಮೆಂಟ್ ಹನ್ನೊಂದು ತಿಂಗಳಿಗೇ ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬೇಕು, ಆ ಖರ್ಚು ತಪ್ಪಿಸೋ ದಾರಿ ಅದು. ಆದರೆ ಹಾಳೆಯಲ್ಲಿ ಅಡ್ವಾನ್ಸ್ ಮೊತ್ತ, ಏರಿಕೆ ಎಷ್ಟು, ಪೇಂಟಿಂಗಿಗೆ ಎಷ್ಟು, ಖಾಲಿ ಮಾಡಿದ ಎಷ್ಟು ದಿನದಲ್ಲಿ ವಾಪಸ್ ಅಂತ ಬರೆಸದೆ ಸಹಿ ಹಾಕಬೇಡಿ. ಅಡ್ವಾನ್ಸ್ ಕೈಯಲ್ಲಿ ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿ. ಗೃಹಜ್ಯೋತಿ ಬಾಡಿಗೆದಾರನಿಗೂ ಇದೆ, 200 ಯೂನಿಟ್ ಮಿತಿಯೊಳಗೆ. ನಿಮ್ಮ ರೂಮಿಗೆ ಬೇರೆ ಮೀಟರ್ ಇದೆಯಾ ಅಂತ ಮೊದಲೇ ಕೇಳಿ. ಓನರ್ ಮೀಟರಿನಿಂದ ಸಬ್ ಮೀಟರ್ ಎಳೆದಿದ್ದರೆ ಸರ್ಕಾರದ ಪುಕ್ಕಟೆ ಅವನಿಗೆ, ಬಿಲ್ಲು ನಿಮಗೆ! ಅಂದ ಹಾಗೆ, 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನೀವು ಊರಿಗೆ ಹೋದರೆ ಚಾರ್ಜು, ಅಮ್ಮ ಬಂದರೆ ಪುಕ್ಕಟೆ. ಅಮ್ಮನನ್ನೇ ಕರೆಸಿಕೊಳ್ಳಿ, ಚಟ್ನಿಪುಡಿಯೂ ಬರುತ್ತೆ.

ಭೋಗ್ಯದ ಮೋಸದ ಬಗ್ಗೆ ಎಚ್ಚರ. "ಬಾಡಿಗೆಯೇ ಬೇಡ, ಐದು ಲಕ್ಷ ಕೊಡಿ, ಮೂರು ವರ್ಷ ಇದ್ದು ಪೂರ್ತಿ ವಾಪಸ್ ತಗೊಳ್ಳಿ" ಅಂತ ಬರ್ತಾರೆ. ನಿಜವಾದ ಓನರ್ ಕೊಟ್ಟರೆ ಪರವಾಗಿಲ್ಲ. ಆದರೆ ಮಧ್ಯದವನೊಬ್ಬ ಓನರಿಂದ ತಿಂಗಳ ಬಾಡಿಗೆಗೆ ತಗೊಂಡು, ನಿಮಗೆ ಭೋಗ್ಯಕ್ಕೆ ಕೊಟ್ಟು, ಲಕ್ಷಗಳ ಜೊತೆ ಮಾಯ ಆಗೋದು ಬೆಂಗಳೂರಿನ ಹಳೇ ಚಿತ್ರಕಥೆ. ಓನರ್ ಬಂದು "ನೀವ್ಯಾರು?" ಅಂತಾನೆ. ಮನೆಯ ಖಾತೆ ಯಾರ ಹೆಸರಲ್ಲಿದೆ ಅಂತ ಕಣ್ಣಾರೆ ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ಕೊನೆಯದಾಗಿ ಶಿರಾ ಓದುಗನ ಪ್ರಶ್ನೆ. ಪತ್ರಿಕೆಯ ನಡುಪುಟದ ಬಣ್ಣದ ಚಿತ್ರವನ್ನು ರೂಮಿನ ಗೋಡೆಗೆ ಅಂಟಿಸಿದ್ದಕ್ಕೆ ಓನರ್ ಅಡ್ವಾನ್ಸಿನಲ್ಲಿ ಮೂರು ಸಾವಿರ ಮುರಿದುಕೊಂಡನಂತೆ, ಇದು ನ್ಯಾಯವೇ ಅಂತ ಕೇಳಿದ್ದಾನೆ. ಅಣ್ಣಾ, ಮೈದಾ ಅಂಟು ಹಾಕಿದೆಯಾ? ಹಾಕಿದ್ದರೆ ಸುಣ್ಣದ ಜೊತೆಗೇ ಕಿತ್ತು ಬಂದಿರುತ್ತೆ. ಮುಂದಿನ ರೂಮಿನಲ್ಲಿ ಕಿಟಕಿಯಿಂದ ಕಿಟಕಿಗೆ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕು. ಫ್ಯಾನ್ ಹಾಕಿದಾಗ ನಿನ್ನ ಹೀರೋ ಸ್ವಲ್ಪ ಡ್ಯಾನ್ಸೂ ಮಾಡ್ತಾನೆ. ಒಳಗೆ ಹೋದ ದಿನವೇ ನಾಲ್ಕು ಗೋಡೆಯನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದು ಓನರಿಗೆ ವಾಟ್ಸಾಪ್ ಮಾಡು, ಹಳೇ ಮೊಳೆ ತೂತೂ ಬಿಡಬೇಡ.